ಅಗಲ ಎಲುಬಿನದೋ ಕೊಬ್ಬಿನದೋ: ಕುದುರೆಯ ಮೈಯನ್ನು ಓದುವ ಬಗೆ

ಕುದುರೆ ಎಂದರೆ ಹೇಗಿರಬೇಕು ಎಂಬುದನ್ನು ನಮ್ಮ ಕಡೆ ರೇಸ್‌ಕೋರ್ಸು ತೀರ್ಮಾನಿಸಿಬಿಟ್ಟಿದೆ. ಬೆಂಗಳೂರು, ಮೈಸೂರುಗಳ ಓಟದ ಮೈದಾನದಲ್ಲಿ ಕಾಣುವ ಥರೋಬ್ರೆಡ್ ತಳಿಯ ಉದ್ದ ಕಾಲು, ಚಪ್ಪಟೆ ಪಕ್ಕೆ, ಒಳಕ್ಕೆಳೆದ ಹೊಟ್ಟೆ ನಮ್ಮ ಕಣ್ಣಿಗೆ ಅಳತೆಗೋಲಾಗಿದೆ. ರಾಜಸ್ಥಾನದ ಮಾರ್ವಾಡಿ, ಗುಜರಾತಿನ ಕಾಠಿಯಾವಾಡಿ ಕುದುರೆಗಳನ್ನು ನೋಡಿದವರಿಗೂ ತೆಳುಮೈಯೇ ಕುದುರೆಯ ಲಕ್ಷಣ. ಈ ಕಣ್ಣಿನೊಂದಿಗೆ ವೇಲ್ಸಿನಲ್ಲೋ ಸ್ಕಾಟ್ಲೆಂಡಿನಲ್ಲೋ ಒಂದು ಹುಲ್ಲುಗಾವಲಿನ ಬೇಲಿಯ ಪಕ್ಕ ನಿಂತರೆ, ಒಳಗೆ ಮೇಯುತ್ತಿರುವ ಒಂದೊಂದೂ ಉಂಡು ಉಬ್ಬಿದ ಕುದುರೆಯಾಗಿಯೇ ಕಾಣುತ್ತದೆ. ಒಡೆಯನನ್ನು ಕೇಳಿದರೆ ನಗುತ್ತಾನೆ: ‘ಇದರ ತಳಿಯೇ ಹೀಗೆ. ಎಲುಬು ದಪ್ಪ, ಮೈ ಅಗಲ.’ ನೋಡಿದವರ ಮಾತೂ ಅರ್ಧ ಸರಿ, ಒಡೆಯನ ಮಾತೂ ಅರ್ಧ ಸರಿ. ಉಳಿದ ಅರ್ಧವನ್ನು ಕಂಡುಕೊಳ್ಳಲು ಕಣ್ಣು ಸಾಲದು, ಕೈ ಬೇಕು.

ಮೊದಲು ಒಡೆಯನ ಪಾಲಿನ ಸತ್ಯವನ್ನು ನೋಡೋಣ. ವೆಲ್ಷ್ ಕಾಬ್, ಹೈಲ್ಯಾಂಡ್, ಫೆಲ್, ಶೆಟ್ಲೆಂಡ್ ಇವೆಲ್ಲ ನಿಜಕ್ಕೂ ಅಗಲ ಮೈಯ ತಳಿಗಳು. ಮಳೆ, ಗಾಳಿ, ಚಳಿಯ ಗುಡ್ಡಗಾಡಿನಲ್ಲಿ ಗುಂಡಗಿನ ಮೈ ಮತ್ತು ಗಿಡ್ಡ ಕಾಲು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತವೆ. ಹುಲ್ಲು ಒರಟಾದಷ್ಟೂ ಅದನ್ನು ಹುದುಗಿಸಲು ದೊಡ್ಡ ಕರುಳು ಬೇಕು. ಕುದುರೆಗೆ ಹಸುವಿನಂತೆ ನಾಲ್ಕು ಕೋಣೆಗಳ ಜಠರವಿಲ್ಲ. ನಾರು ಹುದುಗುವುದೆಲ್ಲ ಹಿಂಬದಿಯ ದೊಡ್ಡ ಕರುಳಿನಲ್ಲಿ. ಆ ಕರುಳಿಗೆ ಜಾಗ ಬೇಕಾದರೆ ಪೀಪಾಯಿಯಂಥ ಒಡಲು ಬೇಕು. ಮನುಷ್ಯನೂ ಇವುಗಳಿಗೆ ಹೊರುವ ಕೆಲಸವನ್ನೇ ಕೊಟ್ಟ. ಬೇಟೆಯಾಡಿದ ಭಾರಿ ಜಿಂಕೆಯನ್ನು ಬೆನ್ನ ಮೇಲೆ ಹೇರಿಕೊಂಡು ಗುಡ್ಡ ಇಳಿಯುವ ಹೈಲ್ಯಾಂಡ್ ಕುದುರೆಗಳು ಸ್ಕಾಟ್ಲೆಂಡಿನಲ್ಲಿ ಈಗಲೂ ಇವೆ. ಶೆಟ್ಲೆಂಡ್ ತಳಿಯ ಎತ್ತರಕ್ಕೆ ಮಿತಿಯೇ 42 ಅಂಗುಲ, ಎಂದರೆ ಸುಮಾರು 107 ಸೆಂ.ಮೀ. ಹೆಂಗಸರನ್ನೂ ಹತ್ತು ವರ್ಷ ತುಂಬದ ಹುಡುಗರನ್ನೂ ಗಣಿಯೊಳಗೆ ದುಡಿಸಬಾರದೆಂದು ಬ್ರಿಟನ್ 1842ರಲ್ಲಿ ಕಾನೂನು ಮಾಡಿದ ಮೇಲೆ, ಕಲ್ಲಿದ್ದಲಿನ ತಳ್ಳುಬಂಡಿ ಎಳೆಯಲು ಸುರಂಗಕ್ಕೆ ಇಳಿದದ್ದು ಈ ಕುಳ್ಳ ಕುದುರೆಗಳು. ಅಗಲವಾಗಿರುವುದು ಅವುಗಳ ತಪ್ಪಲ್ಲ, ಅವುಗಳಿಗೆ ಒಪ್ಪಿಸಿದ ಕೆಲಸದ ಗುರುತು. ಅಮೆರಿಕದ ಕ್ವಾರ್ಟರ್ ಹಾರ್ಸ್ ಇನ್ನೊಂದು ಬಗೆ. ಕಾಲು ಮೈಲಿಯ ಓಟಕ್ಕೆ ಬೆಳೆಸಿದ ಈ ತಳಿಯ ಪೃಷ್ಠದಲ್ಲಿ ತುಂಬಿರುವುದು ಸ್ನಾಯು.

ಹಾಗಾದರೆ ಮೈಯ ಅಗಲದಲ್ಲಿ ಎಲುಬಿನ ಪಾಲೆಷ್ಟು, ಕೊಬ್ಬಿನ ಪಾಲೆಷ್ಟು ಎಂದು ಬಿಡಿಸುವುದು ಹೇಗೆ? ಕುದುರೆಯ ಮೈಯಲ್ಲಿ ಕೊಬ್ಬು ಕೂರಲಾಗದ ಜಾಗಗಳಿವೆ, ಎಲುಬಿನ ಗಾತ್ರವನ್ನು ಅಲ್ಲಿ ಓದಬೇಕು. ಸ್ನಾಯು ಹೆಚ್ಚಿಲ್ಲದ, ಕೊಬ್ಬು ಬಂದು ಕೂರುವ ಜಾಗಗಳೂ ಇವೆ, ಕೊಬ್ಬನ್ನು ಅಲ್ಲಿ ಓದಬೇಕು. ಎರಡನ್ನೂ ಹೊಟ್ಟೆಯ ಮೇಲೆ ಓದಲು ಹೊರಡುವುದರಿಂದಲೇ ಜಗಳ ಹುಟ್ಟುವುದು.

ಎಲುಬಿನಿಂದ ಶುರು ಮಾಡೋಣ. ಮುಂಗಾಲಿನ ಮಂಡಿಯ ಕೆಳಗೆ ನಳಿಗೆಯಂಥ ಎಲುಬಿದೆ. ಅಲ್ಲಿ ಚರ್ಮ, ಸ್ನಾಯುರಜ್ಜು, ಎಲುಬು ಬಿಟ್ಟರೆ ಬೇರೇನೂ ಇಲ್ಲ. ಎಷ್ಟು ತಿಂದರೂ ಆ ಜಾಗ ದಪ್ಪವಾಗುವುದಿಲ್ಲ. ಕುದುರೆ ಬಲ್ಲವರು ಅಲ್ಲಿ ಟೇಪು ಸುತ್ತಿ ಅಳೆಯುತ್ತಾರೆ, ಆ ಅಳತೆಯನ್ನೇ ‘ಬೋನ್’ ಎನ್ನುತ್ತಾರೆ. ‘ಎಂಟೂವರೆ ಅಂಗುಲ ಬೋನ್ ಇದೆ’ ಎಂದರೆ ಅದು ಭಾರ ಹೊರಬಲ್ಲ ಚೌಕಟ್ಟು ಎಂದರ್ಥ. ದೊಡ್ಡ ಒಡಲಿನ ಕೆಳಗೆ ಕಡ್ಡಿಯಂಥ ಕಾಲುಗಳಿದ್ದರೆ ‘ಎಲುಬು ದಪ್ಪ’ ಎಂಬ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಮಂಡಿ, ಗೊರಸು, ದವಡೆಗಳೂ ಇದೇ ಸಾಕ್ಷಿ ಹೇಳುತ್ತವೆ. ಅಗಲ ತಳಿಯಲ್ಲಿ ಇವೆಲ್ಲ ಒಂದಕ್ಕೊಂದು ಒಪ್ಪುವಂತೆ ದೊಡ್ಡದಾಗಿರುತ್ತವೆ.

ಇನ್ನು ಕುದುರೆಯ ಹಿಂದೆ, ಒದೆಗೆ ಸಿಗದಷ್ಟು ದೂರದಲ್ಲಿ ನಿಂತು ನೋಡಿ. ಸೊಂಟದ ಎರಡು ಎಲುಬುಗಳ ಮೊನೆಗಳ ನಡುವಿನ ಅಂತರ ತಿಂದದ್ದರಿಂದ ಬದಲಾಗುವುದಿಲ್ಲ. ಪಕ್ಕೆಲುಬುಗಳು ಬೆನ್ನುಮೂಳೆಯಿಂದ ಹೊರಡುವ ರೀತಿಯನ್ನೂ ಗಮನಿಸಿ. ಥರೋಬ್ರೆಡ್‌ನಲ್ಲಿ ಅವು ಬೇಗ ಕೆಳಕ್ಕೆ ಬಾಗುತ್ತವೆ, ಅದಕ್ಕೇ ಪಕ್ಕೆ ಚಪ್ಪಟೆ. ಕಾಬ್‌ನಲ್ಲಿ ಮೊದಲು ಹೊರಕ್ಕೆ ಬಿಲ್ಲಿನಂತೆ ಬಾಗಿ ಆಮೇಲೆ ಇಳಿಯುತ್ತವೆ. ಈ ಬಿಲ್ಲಿನ ಬಾಗು ಹುಟ್ಟಿನಿಂದ ಬಂದದ್ದು. ಬಡಕಲಾದರೂ ಆ ಕುದುರೆ ಹಿಂದಿನಿಂದ ಗುಂಡಗೇ ಕಾಣುತ್ತದೆ. ಕಾಬ್ ಒಂದು ಸೊರಗಿದ್ದರೂ ಬೇಲಿಯಾಚೆ ನಿಂತವರಿಗೆ ಅದು ಗೊತ್ತೇ ಆಗದಿರುವುದು ಇದೇ ಕಾರಣಕ್ಕೆ. ಅಗಲ ಮೈ ಬೊಜ್ಜನ್ನು ಮರೆಮಾಡುವಂತೆ ಹಸಿವನ್ನೂ ಮರೆಮಾಡುತ್ತದೆ.

ಈಗ ಕೊಬ್ಬು. 1983ರಲ್ಲಿ ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಡಾನ್ ಹೆನ್ನೆಕೆ ಮತ್ತು ಅವರ ಸಂಗಡಿಗರು ಕುದುರೆಯ ಮೈಗೆ 1ರಿಂದ 9ರವರೆಗೆ ಅಂಕ ಕೊಡುವ ಒಂದು ಪದ್ಧತಿಯನ್ನು ಪ್ರಕಟಿಸಿದರು. 1 ಎಂದರೆ ಎಲುಬಿನ ಗೂಡು, 9 ಎಂದರೆ ಉಬ್ಬಿ ಒಡೆಯುವಂಥ ಬೊಜ್ಜು, 5 ನಡುವಿನದು. ಮರಿ ಹಾಕುವ ಹೆಣ್ಣುಕುದುರೆಗಳು ಯಾವ ಮೈಯಲ್ಲಿದ್ದರೆ ಚೆನ್ನಾಗಿ ಗಬ್ಬ ನಿಲ್ಲುತ್ತವೆ ಎಂಬ ಪ್ರಶ್ನೆಯ ಬೆನ್ನುಹತ್ತಿ ಹುಟ್ಟಿದ ಅಳತೆ ಇದು. ಮೊದಲು ಪರೀಕ್ಷೆಗೆ ಒಳಗಾದವು ಕ್ವಾರ್ಟರ್ ಹಾರ್ಸ್ ಹೆಣ್ಣುಗಳು, ಎಂದರೆ ಅಗಲ ಮೈಯವೇ. ಇಂದು ಅಮೆರಿಕದಲ್ಲಿ ಕುದುರೆಯನ್ನು ಉಪವಾಸ ಕೆಡವಿದ ಪ್ರಕರಣಗಳ ತನಿಖೆಯಲ್ಲೂ ಇದೇ ಅಂಕ ಬಳಕೆಯಲ್ಲಿದೆ. ಬ್ರಿಟನ್ನಿನಲ್ಲಿ 0ರಿಂದ 5ರವರೆಗಿನ ಇನ್ನೊಂದು ಪದ್ಧತಿ ಹೆಚ್ಚು ಚಾಲ್ತಿಯಲ್ಲಿದೆ. ಅದು ಕತ್ತು, ಬೆನ್ನು, ಸೊಂಟಗಳಿಗೆ ಬೇರೆ ಬೇರೆ ಅಂಕ ಕೊಟ್ಟು ನೋಡುತ್ತದೆ. ಯಾವುದನ್ನು ಹಿಡಿದರೂ ನಡೆಯುತ್ತದೆ, ಪ್ರತಿ ಸಲ ಅದನ್ನೇ ಹಿಡಿಯಬೇಕು, ಅಷ್ಟೆ.

ಹೆನ್ನೆಕೆ ಪದ್ಧತಿ ಕೈ ಇಡಲು ಹೇಳುವುದು ಆರು ಕಡೆ: ಕತ್ತಿನ ಮೇಲಂಚು, ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿನ ಉಬ್ಬು, ಹೆಗಲಿನ ಹಿಂಬದಿ, ಪಕ್ಕೆ, ಬೆನ್ನಿನ ಕೆಳಭಾಗ, ಬಾಲದ ಬುಡ. ಹೊಟ್ಟೆಯ ಹೆಸರೇ ಇಲ್ಲದ್ದನ್ನು ಗಮನಿಸಿ. ನೋಡುವವರ ಕಣ್ಣು ಮೊದಲು ಹೋಗುವುದು ಹೊಟ್ಟೆಗೆ, ಆದರೆ ಕೊಬ್ಬಿನ ವಿಷಯದಲ್ಲಿ ಅದರಷ್ಟು ಸುಳ್ಳು ಹೇಳುವ ಅಂಗ ಇನ್ನೊಂದಿಲ್ಲ. ಬರೀ ಒರಟು ಒಣಹುಲ್ಲು ತಿನ್ನುವ ಕುದುರೆಯ ಕರುಳು ನಾರು, ನೀರುಗಳಿಂದ ತುಂಬಿ ಜೋತುಬೀಳುತ್ತದೆ. ಜಂತುಹುಳು ಹೆಚ್ಚಿದ ಮರಿಯ ಹೊಟ್ಟೆಯೂ ಮಡಕೆಯಂತಾಗುತ್ತದೆ. ಹನ್ನೊಂದು ತಿಂಗಳು ಗಬ್ಬ ಹೊರುವ ಹೆಣ್ಣಿನ ಮಾತಂತೂ ಸರಿಯೇ. ಇಷ್ಟೆಲ್ಲ ದೊಡ್ಡ ಹೊಟ್ಟೆಯ ಮೇಲೆ ಪಕ್ಕೆಲುಬುಗಳು ಎಣಿಸಲು ಸಿಗುವಂತಿರಬಹುದು. ಅಂಥ ಕುದುರೆಗೆ ‘ದಪ್ಪಗಿದೆ’ ಎಂದು ಮೇವು ಕಡಿಮೆ ಮಾಡಿದರೆ ಅನ್ಯಾಯ.

ಪಕ್ಕೆಯನ್ನು ಮುಟ್ಟಿ ನೋಡುವುದಕ್ಕೆ ಒಂದು ಸುಲಭ ಹೋಲಿಕೆ ಇದೆ. ಎಡಗೈಯನ್ನು ಮುಷ್ಟಿ ಬಿಗಿದು, ಗೆಣ್ಣುಗಳ ಮೇಲೆ ಬಲಗೈ ಬೆರಳಾಡಿಸಿ. ಪಕ್ಕೆ ಹಾಗೆ ಗಂಟುಗಂಟಾಗಿ ತಾಗಿದರೆ ಕುದುರೆ ಬಡಕಲು. ಈಗ ಮುಷ್ಟಿ ಬಿಡಿಸಿ, ಕೈಯನ್ನು ನೇರವಾಗಿ ಚಾಚಿ, ಅಂಗೈಯ ಹಿಂಬದಿಯ ಮೇಲೆ ಬೆರಳಾಡಿಸಿ. ಎಲುಬು ಕಣ್ಣಿಗೆ ಅಷ್ಟಾಗಿ ಕಾಣದಿದ್ದರೂ ಬೆರಳಿಗೆ ಸಲೀಸಾಗಿ ಸಿಗುತ್ತದಲ್ಲ, ಪಕ್ಕೆ ಹಾಗಿರಬೇಕು. ಕೊನೆಗೆ ಅಂಗೈ ತಿರುಗಿಸಿ, ಹೆಬ್ಬೆರಳಿನ ಬುಡದ ಮೆತ್ತನೆಯ ಭಾಗವನ್ನು ಒತ್ತಿ. ಎಲುಬು ಸಿಗಬೇಕಾದರೆ ಅದುಮಬೇಕು. ಪಕ್ಕೆ ಹೀಗಿದ್ದರೆ ಅದು ಕೊಬ್ಬು, ತಳಿ ಯಾವುದಾದರೂ ಸರಿ. ಬಿಲ್ಲಿನಂತೆ ಬಾಗಿದ ಪಕ್ಕೆಲುಬು ಚರ್ಮಕ್ಕೆ ಇನ್ನಷ್ಟು ಹತ್ತಿರ ಬರುತ್ತದೆಯೇ ಹೊರತು ದೂರ ಸರಿಯುವುದಿಲ್ಲ. ಆದ್ದರಿಂದ ‘ಅಗಲ ತಳಿ, ಪಕ್ಕೆಲುಬು ಕೈಗೆ ಸಿಗುವುದಿಲ್ಲ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಚಳಿಗಾಲದಲ್ಲಿ ಈ ಕೈಪರೀಕ್ಷೆ ಇನ್ನೂ ಮುಖ್ಯ. ಕಂಬಳಿಯಂತೆ ಬೆಳೆದ ರೋಮದಡಿ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಬೆರಳನ್ನು ರೋಮದೊಳಕ್ಕೆ ಇಳಿಸಿಯೇ ನೋಡಬೇಕು.

ಹೆಗಲಿನ ಹಿಂದೆ, ಮೊಣಕೈಯಿಂದ ಸ್ವಲ್ಪ ಮೇಲೆ, ಅಂಗೈ ಇಡಿ. ಅಲ್ಲಿ ದಪ್ಪ ಸ್ನಾಯುವಿಲ್ಲ. ದಿಂಬಿನಂಥ ಉಬ್ಬು ಸಿಕ್ಕಿದರೆ ಅದು ಕೊಬ್ಬಿನ ಗಂಟು. ಬಾಲದ ಬುಡದ ಎರಡೂ ಪಕ್ಕವನ್ನು ಹಿಸುಕಿ ನೋಡಿ. ಹಿಟ್ಟಿನ ಮುದ್ದೆಯಂತೆ ಮೆತ್ತಗಿದ್ದರೆ ಅಂಕ ಏಳರ ಆಚೆ ಹೋಗಿರುವ ಸಾಧ್ಯತೆ ಹೆಚ್ಚು. ಬೆನ್ನಿನ ಮಧ್ಯೆ ಕಾಲುವೆ ಬಿದ್ದಿದ್ದರೆ, ಮಳೆನೀರು ಅದರಲ್ಲಿ ನಿಲ್ಲುವಂತಿದ್ದರೆ, ಹಳ್ಳಿಯವರು ಅದನ್ನು ಸಮೃದ್ಧಿಯ ಗುರುತೆಂದು ಮೆಚ್ಚುವುದುಂಟು. ಸಾಮಾನ್ಯವಾಗಿ ಅದು ಕೊಬ್ಬಿನದೇ ಗುರುತು. ಆದರೆ ಇಲ್ಲಿ ತಳಿಗೆ ಒಂದಿಷ್ಟು ರಿಯಾಯಿತಿ ಕೊಡಬೇಕು. ಗಾಡಿ ಎಳೆಯುವ ಭಾರಿ ತಳಿಗಳಲ್ಲಿ, ಚೆನ್ನಾಗಿ ದುಡಿದ ಕ್ವಾರ್ಟರ್ ಹಾರ್ಸ್‌ನಲ್ಲಿ, ಬೆನ್ನಿನ ಎರಡೂ ಬದಿಯ ಸ್ನಾಯು ತುಂಬಿಕೊಂಡೇ ಸಣ್ಣ ತಗ್ಗು ಮೂಡುತ್ತದೆ. ಬೆರಳಿನಿಂದ ಒತ್ತಿದರೆ ಸ್ನಾಯು ಬಿಗಿಯಾಗಿ ಎದುರು ಒತ್ತುತ್ತದೆ, ಕೊಬ್ಬು ಒಳಕ್ಕೆ ಬಿಟ್ಟುಕೊಡುತ್ತದೆ. ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿದರೂ ಸಾಕು, ಸ್ನಾಯು ಹೆಜ್ಜೆಗೆ ತಕ್ಕಂತೆ ಸೆಟೆದು ಸಡಿಲವಾಗುತ್ತದೆ, ಕೊಬ್ಬು ಸುಮ್ಮನೆ ಅಲುಗುತ್ತದೆ.

ಈ ಬಿಗಿ–ಸಡಿಲದ ಪರೀಕ್ಷೆ ಒಂದು ಕಡೆ ಮಾತ್ರ ಕೈಕೊಡುತ್ತದೆ. ಅಯಾಲು ಬೆಳೆಯುವ ಕತ್ತಿನ ಮೇಲಂಚಿನಲ್ಲಿ ಕೊಬ್ಬು ಮೊದಲು ಮೆತ್ತಗಿದ್ದು, ಬರಬರುತ್ತ ಗಟ್ಟಿಯಾಗುತ್ತದೆ. ಗಟ್ಟಿಯಾಗಿದೆ, ಆದ್ದರಿಂದ ಸ್ನಾಯು ಎಂದುಕೊಂಡರೆ ಮೋಸ ಹೋದಂತೆ. ಆ ಅಂಚನ್ನು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಬಾಗಿಸಿ ನೋಡಿ. ಸುಲಭವಾಗಿ ಬಾಗಿದರೆ ಚಿಂತೆಯಿಲ್ಲ. ಹಿಡಿ ತುಂಬುವಂತಿದ್ದು ಮರದ ತುಂಡಿನಂತೆ ಅಲುಗದಿದ್ದರೆ ಪಶುವೈದ್ಯರನ್ನು ಕರೆಯುವ ಹೊತ್ತು. ಈ ಅಂಚಿಗೆಂದೇ 2009ರಲ್ಲಿ 0ರಿಂದ 5ರವರೆಗಿನ ಪ್ರತ್ಯೇಕ ಅಂಕಪಟ್ಟಿಯೊಂದು ಬಂದಿದೆ. 5 ಎಂದರೆ ಕೊಬ್ಬಿನ ಭಾರಕ್ಕೆ ಅಂಚು ಶಾಶ್ವತವಾಗಿ ಒಂದು ಕಡೆಗೆ ವಾಲಿದ್ದು. ಬೀಜದ ಕುದುರೆಗೆ ಗಂಡು ಹಾರ್ಮೋನಿನಿಂದ ಕತ್ತು ಸಹಜವಾಗಿಯೇ ತುಂಬಿಕೊಳ್ಳುತ್ತದೆ. ಬೀಜ ಒಡೆದ ಕುದುರೆಯೋ ಹೆಣ್ಣೋ ಅಂಥ ಕತ್ತು ಹೊತ್ತು ನಿಂತಿದ್ದರೆ ಅನುಮಾನಪಡಲೇಬೇಕು.

ಮುದಿ ಕುದುರೆ ಇನ್ನೂ ಕಠಿಣ ಪ್ರಶ್ನೆಪತ್ರಿಕೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಕಾಯಿಲೆ ಹಿಡಿದ ಮುದುಕುದುರೆಯಲ್ಲಿ ಬೆನ್ನಿನ ಸ್ನಾಯು ಕರಗಿ ಮೂಳೆ ಎದ್ದು ಕಾಣುತ್ತದೆ, ಹೊಟ್ಟೆ ಜೋಲುತ್ತದೆ, ಜೊತೆಗೇ ಕಣ್ಣಿನ ಮೇಲಿನ ಗುಳಿಯಲ್ಲಿ ಕೊಬ್ಬು ಉಬ್ಬಿ ನಿಲ್ಲುತ್ತದೆ. ಒಂದೇ ಮೈಯಲ್ಲಿ ಬಡಕಲು, ಬೊಜ್ಜು ಎರಡೂ. ಸರಾಸರಿ ಅಂಕ ತೆಗೆದರೆ ‘ಎಲ್ಲ ಸರಿಯಿದೆ’ ಎಂಬ ಉತ್ತರ ಬರುತ್ತದೆ, ಆ ಉತ್ತರ ತಪ್ಪು. ಅದಕ್ಕೇ ಆರೂ ಜಾಗದ ಅಂಕವನ್ನು ಬೇರೆ ಬೇರೆಯಾಗಿ ಬರೆದಿಡುವುದು ನನಗೆ ಹೆಚ್ಚು ಸರಿ ಎನಿಸುತ್ತದೆ.

ತೂಕ ನೋಡಿಬಿಟ್ಟರೆ ಮುಗಿಯಿತಲ್ಲ ಎನ್ನಬಹುದು. ಕುದುರೆ ತೂಗುವ ಯಂತ್ರ ಎಲ್ಲರ ಬಳಿ ಇರುವುದಿಲ್ಲ. ಟೇಪಿನಿಂದ ಅಂದಾಜು ಮಾಡುವ ಲೆಕ್ಕವೊಂದಿದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ. ಅದನ್ನು ಹೆಗಲಿನ ಮುಂಮೊನೆಯಿಂದ ಪೃಷ್ಠದ ಹಿಂಮೊನೆವರೆಗಿನ ಉದ್ದದಿಂದ ಗುಣಿಸಿ 11,900ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಬರುತ್ತದೆ. ಸುತ್ತಳತೆ 180, ಉದ್ದ 150 ಆದರೆ ಸುಮಾರು 408 ಕೆ.ಜಿ. ಅದೇ ಕುದುರೆಯ ಸುತ್ತಳತೆ 190ಕ್ಕೆ ಏರಿದರೆ 455 ಕೆ.ಜಿ. ಟೇಪಿನಲ್ಲಿ ಒಂದು ಗೇಣಿಗಿಂತಲೂ ಕಡಿಮೆ ಹೆಚ್ಚಳ, ಮೈಮೇಲೆ 47 ಕಿಲೋ! ಆದರೆ ಈ ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. 455 ಕೆ.ಜಿ. ತೂಗುವ ಎತ್ತರದ ಥರೋಬ್ರೆಡ್ ತೆಳ್ಳಗಿರಬಹುದು, ಅಷ್ಟೇ ತೂಕದ ಗಿಡ್ಡ ಫೆಲ್ ಕುದುರೆ ಏದುಸಿರು ಬಿಡುತ್ತಿರಬಹುದು. ಹದಿನೈದು ದಿನಕ್ಕೊಮ್ಮೆ ಅದೇ ಹೊತ್ತಿಗೆ, ಅದೇ ಟೇಪಿನಿಂದ ಅಳೆದು ಪುಸ್ತಕದಲ್ಲಿ ಬರೆದರೆ ಮಾತ್ರ ಅಂಕಿಗೆ ಬಾಯಿ ಬರುತ್ತದೆ. ಎಲುಬಿನ ಅಗಲ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬೆಳೆದ ಕುದುರೆಯ ಅಳತೆ ಬದಲಾಗುತ್ತಿದ್ದರೆ, ಬದಲಾದಷ್ಟು ಎಲುಬಿನದಲ್ಲ. ಜೀನಿನ ಹೊಟ್ಟೆಪಟ್ಟಿ ಹೋದ ವರ್ಷಕ್ಕಿಂತ ಎರಡು ತೂತು ಸಡಿಲಕ್ಕೆ ಬಂದಿದೆಯೇ, ಜೀನು ಪಕ್ಕಕ್ಕೆ ಜಾರುತ್ತಿದೆಯೇ ಎಂಬುದೂ ಇದೇ ಲೆಕ್ಕದ ಇನ್ನೊಂದು ರೂಪ.

ಇಷ್ಟು ಸಲಕರಣೆ ಕೈಯಲ್ಲಿದ್ದರೂ ಒಡೆಯರು ತಮ್ಮ ಕುದುರೆಗೆ ಇರುವುದಕ್ಕಿಂತ ಕಡಿಮೆ ಅಂಕವನ್ನೇ ಕೊಡುತ್ತಾರೆ ಎಂದು ಬ್ರಿಟನ್ನಿನ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಸುತ್ತಮುತ್ತಲ ಲಾಯಗಳಲ್ಲೆಲ್ಲ ದಪ್ಪ ಕುದುರೆಗಳೇ ಇದ್ದರೆ ಸರಿಯಾದ ಮೈಯ ಕುದುರೆ ಬಡಕಲಾಗಿ ಕಾಣುವುದೂ ಸಹಜ. ಪ್ರದರ್ಶನದ ಕಣದಲ್ಲಿ ದುಂಡಗೆ ಮಿರುಗುವ ಕುದುರೆಗೆ ಪದಕ ಕೊಡುವ ರೂಢಿಯ ಬಗ್ಗೆ ಅಲ್ಲಿನ ಪಶುವೈದ್ಯರು ಹಲವು ಕಾಲದಿಂದ ಗೊಣಗುತ್ತಲೇ ಇದ್ದಾರೆ.

ಅವರ ಗೊಣಗಾಟಕ್ಕೆ ಕಾರಣವಿದೆ. ‘ಅಗಲವೋ ಬೊಜ್ಜೋ’ ಎಂಬ ಪ್ರಶ್ನೆಯಲ್ಲೇ ಒಂದು ಬಿರುಕಿದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂಬಂತೆ ಅದು ಕೇಳುತ್ತದೆ. ವಾಸ್ತವದಲ್ಲಿ ಅಗಲ ತಳಿಗಳೇ ಬೇಗ ಬೊಜ್ಜು ಕಟ್ಟುವವು. ನಮ್ಮಲ್ಲಿ ಕೆಲವರ ಬಗ್ಗೆ ‘ನೀರು ಕುಡಿದರೂ ದಪ್ಪಗಾಗುತ್ತಾರೆ’ ಎನ್ನುವುದಿಲ್ಲವೇ, ಆ ಜಾತಿ. ಬೇಸಿಗೆಯಲ್ಲಿ ಸಿಕ್ಕಿದ್ದನ್ನು ಮೈಗೆ ಸೇರಿಸಿಕೊಂಡು, ಚಳಿಗಾಲದಲ್ಲಿ ಅದನ್ನು ಕರಗಿಸುತ್ತ ಬದುಕಿದ ಕುದುರೆಗಳ ಪೀಳಿಗೆ ಅದು. ಇಂದು ಅವುಗಳಿಗೆ ಸಿಗುವುದು ಗುಡ್ಡದ ಒರಟು ಹುಲ್ಲಲ್ಲ. ಹಾಲು ಕೊಡುವ ಹಸುಗಳಿಗೆಂದು ಅಭಿವೃದ್ಧಿಪಡಿಸಿದ, ಸಕ್ಕರೆ ತುಂಬಿದ ರೈಗ್ರಾಸ್. ಚಳಿ ಬಂತೆಂದರೆ ಮೈಮೇಲೆ ಕಂಬಳಿ, ಬಕೆಟ್ಟಿನಲ್ಲಿ ದಾಣಿ. ಕರಗಬೇಕಾದ ಕೊಬ್ಬು ಕರಗುವುದೇ ಇಲ್ಲ, ಮುಂದಿನ ಬೇಸಿಗೆಯ ಕೊಬ್ಬು ಅದರ ಮೇಲೆ ಕೂರುತ್ತದೆ.

ಅಂಥ ಮೈಯಲ್ಲಿ ಇನ್ಸುಲಿನ್ ಹದ ತಪ್ಪುತ್ತದೆ. ಹುಲ್ಲಿನ ಸಕ್ಕರೆಗೆ ಪ್ರತಿಯಾಗಿ ರಕ್ತದಲ್ಲಿ ಇನ್ಸುಲಿನ್ ಮಿತಿಮೀರಿ ಏರುತ್ತದೆ. ಹಾಗೆ ಏರಿದ ಇನ್ಸುಲಿನ್, ಗೊರಸಿನ ಗೋಡೆಯನ್ನು ಒಳಗಿನ ಎಲುಬಿಗೆ ಕಚ್ಚಿಕೊಂಡಿರುವಂತೆ ಮಾಡುವ ಪದರಗಳನ್ನು ಸಡಿಲಗೊಳಿಸುತ್ತದೆ. ಇದೇ ಲ್ಯಾಮಿನೈಟಿಸ್. ಇಡೀ ದೇಹದ ಭಾರ ಆ ಪದರಗಳಿಂದ ತೂಗುಬಿದ್ದಿರುವುದರಿಂದ ನೋವು ಸಹಿಸಲಾಗದ್ದು. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತ ಕುದುರೆ ಹೆಜ್ಜೆ ಎತ್ತಿಡಲು ಒಲ್ಲೆನೆನ್ನುತ್ತದೆ. ಎಲುಬು ಗೊರಸಿನೊಳಗೆ ತಿರುಗಿಬಿಟ್ಟರೆ ಕುದುರೆಯನ್ನು ದಯಾಮರಣಕ್ಕೆ ಒಪ್ಪಿಸಬೇಕಾದ ಸಂದರ್ಭಗಳೂ ಬರುತ್ತವೆ. ಎಲುಬು ದಪ್ಪವೆಂಬ ಮಾತನ್ನು ನಾನು ಅನುಮಾನದಿಂದ ಕೇಳುವುದು ಇದಕ್ಕೇ. ಮಾತು ನಿಜವಾಗಿದ್ದರೂ ಅದು ಸಮಾಧಾನ ಕೊಡಬಾರದು, ಎಚ್ಚರ ಕೊಡಬೇಕು.

ಕೊಬ್ಬು ಎಂದು ಖಚಿತವಾದ ಮೇಲೆ ಏನು ಮಾಡಬೇಕೆಂಬುದು ಬೇರೆಯದೇ ಬರಹಕ್ಕೆ ಆಗುವಷ್ಟಿದೆ. ಒಂದು ಮಾತು ಮಾತ್ರ ಇಲ್ಲೇ ಹೇಳಬೇಕು: ಉಪವಾಸ ಕೆಡವಬೇಡಿ. ದಪ್ಪಗಿರುವ ಪೋನಿಗೋ ಕತ್ತೆಗೋ ಮೇವು ಥಟ್ಟನೆ ನಿಂತರೆ ಮೈಯ ಕೊಬ್ಬೆಲ್ಲ ಒಮ್ಮೆಗೇ ರಕ್ತಕ್ಕೆ ಇಳಿದು, ಯಕೃತ್ತು ಕೆಟ್ಟು, ಪ್ರಾಣವೇ ಹೋಗಬಹುದು. ದಾಣಿಯನ್ನು ನಿಲ್ಲಿಸುವುದು, ಒಣಹುಲ್ಲನ್ನು ನೀರಿನಲ್ಲಿ ನೆನೆಸಿ ಸಕ್ಕರೆಯನ್ನು ಇಳಿಸುವುದು, ದಿನದ ಒಣಮೇವನ್ನು ದೇಹತೂಕದ ನೂರಕ್ಕೆ ಒಂದೂವರೆ ಪಾಲಿನ ಆಸುಪಾಸಿಗೆ ತಂದು ಪಶುವೈದ್ಯರ ಕಣ್ಣಳತೆಯಲ್ಲಿ ನಿಧಾನವಾಗಿ ಇಳಿಸುವುದು ಸರಿಯಾದ ದಾರಿ. ‘ಸೊರಗಿದವನಿಗೆ ಎಳ್ಳು, ಕೊಬ್ಬಿದವನಿಗೆ ಹುರುಳಿ’ ಎಂದು ತಮಿಳರಲ್ಲಿ ಗಾದೆಯಿದೆ. ಮನುಷ್ಯರ ಮಟ್ಟಿಗೆ ಅದು ಹೇಗಿದೆಯೋ, ಕೊಬ್ಬಿದ ಕುದುರೆಗೆ ಹುರುಳಿಯ ಬುಟ್ಟಿ ತೋರಿಸಲೂಬಾರದು.

ಇದೆಲ್ಲದರ ನಂತರವೂ ಒಡೆಯ ಒಪ್ಪದಿದ್ದರೆ ಎರಡು ಸಾಕ್ಷಿಗಳು ಉಳಿದಿವೆ. ಒಂದು ಗೊರಸು. ಲ್ಯಾಮಿನೈಟಿಸ್ ಸದ್ದಿಲ್ಲದೆ ಬಂದು ಹೋಗಿದ್ದರೂ ಗೊರಸಿನ ಗೋಡೆಯ ಮೇಲೆ ಬಳೆಗಳಂಥ ಗೆರೆಗಳು ಉಳಿಯುತ್ತವೆ. ಮುಂದೆ ಒತ್ತೊತ್ತಾಗಿ, ಹಿಮ್ಮಡಿಯ ಕಡೆಗೆ ಅಗಲವಾಗಿ ಹರಡಿರುವ ಗೆರೆಗಳಿದ್ದರೆ ಅವು ಹಳೆಯ ನೋವಿನ ಲೆಕ್ಕಪತ್ರ. ಇನ್ನೊಂದು ಫೆಬ್ರವರಿಯ ಕೊನೆ. ಬ್ರಿಟನ್ನಿನಲ್ಲಿ ಹುಲ್ಲು ಚಿಗುರುವ ಮುನ್ನ, ಇಡೀ ಚಳಿಗಾಲ ದಾಟಿ ಬಂದ ಗುಡ್ಡಗಾಡಿನ ಕುದುರೆಯ ಪಕ್ಕೆಲುಬು ಆ ಹೊತ್ತಿಗೆ ಬೆರಳಿಗೆ ಸಲೀಸಾಗಿ ಸಿಗಬೇಕು, ನಡೆಯುವಾಗ ಒಂದೆರಡು ತೆಳುವಾಗಿ ಕಂಡರೂ ಗಾಬರಿಯಿಲ್ಲ. ಆ ತಿಂಗಳಲ್ಲೂ ಅಂಗೈಯಿಂದ ಅದುಮಿ ಅದುಮಿ ಹುಡುಕಬೇಕಾಗಿ ಬಂದರೆ, ಏಪ್ರಿಲ್ಲಿನ ಹಸಿರಿಗೆ ಆ ಕುದುರೆಯನ್ನು ಬಿಡುವ ಮೊದಲೇ ಪಶುವೈದ್ಯರಿಗೆ ಫೋನು ಮಾಡಬೇಕು.